ಎಷ್ಟು ತೆಗೀಬೇಕು, ಎಷ್ಟು ಉಳಿಸಬೇಕು?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ‘ನೀವೇನು ಮಾಡ್ಕೊಂಡಿದೀರಮ್ಮ?’ ಅಂತ ಕೇಳಿದರೆ ನಾನು ‘ಡಾಕ್ಟರ್’ ಎಂದಷ್ಟೇ ಹೇಳಿ ಸಾರನ್ನಕ್ಕೆ ಕೈ ಹಾಕುತ್ತೇನೆ. ಮಕ್ಕಳ ಕ್ಯಾನ್ಸರ್ ಆಪರೇಷನ್ ಮಾಡುವವಳು ಅಂತ ಪೂರ್ತಿ ಹೇಳಿಬಿಟ್ಟರೆ ಅವರ ಊಟ ಅಲ್ಲಿಗೇ ನಿಂತುಹೋಗುತ್ತದೆ. ‘ಅಯ್ಯೋ, ಪಾಪ, ಮಕ್ಕಳಿಗೂ ಬರುತ್ತಾ?’ ಅನ್ನುವುದು ಮೊದಲ ಪ್ರಶ್ನೆ. ‘ಹೇಗೆ ಮಾಡ್ತೀರಿ, ಕೈ ನಡುಗೋದಿಲ್ವಾ?’ ಎರಡನೆಯದು. ‘ಬದುಕ್ತಾವಾ?’ ಅನ್ನುವುದನ್ನು ಮಾತ್ರ ತುಂಬ ಮೆಲ್ಲಗೆ, ಅತ್ತಿತ್ತ ನೋಡಿ ಕೇಳುತ್ತಾರೆ.

ಬರುತ್ತದೆ. ಕೈ ನಡುಗುವುದಿಲ್ಲ. ಬಹಳಷ್ಟು ಮಕ್ಕಳು ಬದುಕುತ್ತಾರೆ. ಕಿಡ್ನಿಯಲ್ಲಿ ಬರುವ ವಿಲ್ಮ್ಸ್ ಗಡ್ಡೆಯನ್ನೇ ತೆಗೆದುಕೊಳ್ಳಿ. ಸಕಾಲಕ್ಕೆ, ಪೂರ್ತಿ ಚಿಕಿತ್ಸೆ ಸಿಗುವ ಶ್ರೀಮಂತ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ.

ಆದರೆ ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆಯನ್ನು ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ. ಹೊಟ್ಟೆ ತೆರೆದಾಗ ಎದುರಿಗಿರುವುದರಲ್ಲಿ ಗಡ್ಡೆ ಎಲ್ಲಿಗೆ ಮುಗಿಯಿತು, ಮಗು ಎಲ್ಲಿಂದ ಶುರುವಾಯಿತು? ಪುಸ್ತಕದ ಚಿತ್ರದಲ್ಲಿ ಗಡ್ಡೆಗೆ ಒಂದು ಬಣ್ಣ, ಲಿವರ್‌ಗೆ ಇನ್ನೊಂದು ಬಣ್ಣ ಬಳಿದು ನಡುವೆ ಗೆರೆ ಎಳೆದಿರುತ್ತಾರೆ. ಥಿಯೇಟರಿನ ದೀಪದಡಿ ಅಂಥ ಗೆರೆ ಇರುವುದಿಲ್ಲ. ಎಲ್ಲವೂ ಕೆಂಪು, ಕಂದು, ಒದ್ದೆ. ದೊಡ್ಡವರಲ್ಲಾದರೆ ಅನುಮಾನ ಬಂದ ಕಡೆ ಇನ್ನೊಂದು ಬೆರಳಗಲ ಹೆಚ್ಚಿಗೆ ತೆಗೆಯೋಣ ಅನ್ನುವ ಧೈರ್ಯ ಮಾಡಬಹುದು. ಎರಡು ವರ್ಷದ ಮಗುವಿನ ಲಿವರ್ ನನ್ನ ಅಂಗೈಯಷ್ಟು. ಅದರಲ್ಲಿ ಒಂದು ಬೆರಳಗಲ ಅಂದರೆ ಏನು ಲೆಕ್ಕ! ಹೆಚ್ಚು ಕತ್ತರಿಸಿದರೆ ಆ ಕೊರತೆಯನ್ನು ಮಗು ಇನ್ನು ಎಪ್ಪತ್ತು ವರ್ಷ ಹೊರಬೇಕು. ಕಡಿಮೆ ಕತ್ತರಿಸಿದರೆ ಗಡ್ಡೆ ವಾಪಸ್ಸು ಬರುತ್ತದೆ.

ನಾನು ಓದಿದ್ದು ಸರಕಾರಿ ಕಾಲೇಜಿನಲ್ಲಿ. ಎಂಬಿಬಿಎಸ್, ಆಮೇಲೆ ಜನರಲ್ ಸರ್ಜರಿ, ಆಮೇಲೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್. ಓದು ಮುಗಿಯುವ ಹೊತ್ತಿಗೆ ನನ್ನ ವಾರಿಗೆಯ ಗೆಳತಿಯರ ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ಆಗೆಲ್ಲ ಸಿಟಿ ಸ್ಕ್ಯಾನಿನ ಫಿಲಮ್ಮುಗಳನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹಿಂದಿನ ದಿನ ಸಂಜೆ ಗಂಟೆಗಟ್ಟಲೆ ನೋಡಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆವು. ಥಿಯೇಟರಿನೊಳಗೆ ನಮಗಿದ್ದ ‘ಸ್ಕ್ಯಾನ್’ ಅಂದರೆ ಬೆರಳು. ಗಟ್ಟಿಯಿದೆಯಾ, ಮೆತ್ತಗಿದೆಯಾ, ಜಾರುತ್ತದಾ, ಅಂಟಿಕೊಂಡಿದೆಯಾ ಎಂದು ಒತ್ತಿ ನೋಡುವುದು. ಬೆರಳಿಗೆ ಕಣ್ಣು ಮೂಡಬೇಕು ಎನ್ನುತ್ತಿದ್ದರು ನಮ್ಮ ಗುರುಗಳು. ಹತ್ತು ವರ್ಷ ಕೆಲಸ ಮಾಡಿದ ಮೇಲೆ ಸ್ವಲ್ಪ ಮೂಡುತ್ತದೆ, ನಿಜ. ಆದರೆ ಗಡ್ಡೆ ಮೆತ್ತಗೆ, ಸಾಸಿವೆ ಕಾಳಿನಷ್ಟು ಇದ್ದರೆ ಎಂಥ ಬೆರಳಿಗೂ ಸಿಗುವುದಿಲ್ಲ.

‘ಈಗ ಅಷ್ಟೊಂದು ಸ್ಕ್ಯಾನ್ ಇದಾವಲ್ಲ ಮೇಡಂ, ಅದ್ರಲ್ಲೇ ಎಲ್ಲಾ ಕಾಣುತ್ತಲ್ಲ’ ಅನ್ನುವವರಿದ್ದಾರೆ. ಕಾಣುತ್ತದೆ. ಆದರೆ ಸ್ಕ್ಯಾನ್ ಮಾಡುವಾಗ ಮಗು ಅಂಗಾತ ಮಲಗಿ, ಶ್ವಾಸಕೋಶದ ತುಂಬ ಗಾಳಿ ಇಟ್ಟುಕೊಂಡಿರುತ್ತದೆ. ನಾವು ಆಪರೇಷನ್ ಮಾಡುವಾಗ ಅದೇ ಮಗು ಮಗ್ಗುಲಾಗಿ ಮಲಗಿರುತ್ತದೆ, ಆ ಬದಿಯ ಶ್ವಾಸಕೋಶದ ಗಾಳಿ ಇಳಿಸಿರುತ್ತಾರೆ. ಊದಿದ ಬಲೂನಿನ ಮೇಲೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಆಮೇಲೆ ಗಾಳಿ ಬಿಟ್ಟು ನೋಡಿ. ಚುಕ್ಕೆ ಎಲ್ಲಿ ಹೋಯಿತು? ಹಾಗೆ. ನಿನ್ನೆಯ ಚಿತ್ರಕ್ಕೂ ಇವತ್ತಿನ ದೇಹಕ್ಕೂ ಇರುವ ಈ ಅಂತರವನ್ನು ತುಂಬಲು ಆಪರೇಷನ್ ನಡೆಯುವ ಹೊತ್ತಿನಲ್ಲೇ ಕಾಣುವ ಚಿತ್ರ ಬೇಕು. ಅದಕ್ಕೆ ಅಲ್ಟ್ರಾಸೌಂಡ್ ಇದೆ, ತಲೆಯ ಆಪರೇಷನ್ನಿಗೆ ನ್ಯಾವಿಗೇಷನ್ ಯಂತ್ರಗಳಿವೆ. ನನ್ನ ಕೆಲಸವನ್ನು ಬದಲಿಸಿದ್ದು ಮಾತ್ರ ಒಂದು ಹಳೆಯ ಹಸಿರು ಬಣ್ಣ.

ಅದರ ಹೆಸರು ಇಂಡೋಸಯನೈನ್ ಗ್ರೀನ್. ನಾವು ಐಸಿಜಿ ಅನ್ನುತ್ತೇವೆ. ಕೊಡಾಕ್ ಕಂಪನಿಯವರ ಪ್ರಯೋಗಾಲಯದಿಂದ ಬಂದದ್ದು. ಹೌದು, ನಮ್ಮ ಅಪ್ಪಂದಿರ ಕಾಲದ ಕ್ಯಾಮೆರಾ ರೀಲಿನ ಕೊಡಾಕ್ ಕಂಪನಿಯೇ. 1950ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಹೃದಯದಿಂದ ರಕ್ತ ಎಷ್ಟು ಹರಿಯುತ್ತದೆ ಎಂದು ಅಳೆಯಲು ಇದನ್ನು ಬಳಸಿದರು. 1959ರಲ್ಲೇ ಅಲ್ಲಿನ ಸರಕಾರದ ಅನುಮತಿ ಸಿಕ್ಕಿತು. ಆಮೇಲೆ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಲು, ಕಣ್ಣಿನ ಹಿಂಭಾಗದ ರಕ್ತನಾಳ ನೋಡಲು ಬಳಕೆಗೆ ಬಂತು. ಮಧುರೈನ ಅರೋಲ್ಯಾಬ್ ಇದನ್ನು ಕಣ್ಣಿನ ವೈದ್ಯರಿಗಾಗಿ ತಯಾರಿಸುತ್ತದೆ. ಕಣ್ಣಿನ ಡಾಕ್ಟರ ಕಪಾಟಿನಲ್ಲಿದ್ದ ಸೀಸೆ ಕ್ಯಾನ್ಸರ್ ಥಿಯೇಟರಿಗೆ ಬರಲು ಇಷ್ಟು ದಶಕ ಹಿಡಿಯಿತಲ್ಲ ಎಂದು ನನಗೆ ಈಗಲೂ ಸೋಜಿಗ.

ಅದು ಬಂದದ್ದೂ ಒಂಥರಾ ಅಡ್ಡದಾರಿಯಲ್ಲೇ. ಜಪಾನಿನಲ್ಲಿ ಲಿವರ್ ಆಪರೇಷನ್ನಿಗೆ ಮೊದಲು ಲಿವರಿನ ಶಕ್ತಿ ಪರೀಕ್ಷಿಸಲು ರೋಗಿಗೆ ಐಸಿಜಿ ಕೊಡುವ ರೂಢಿ ಇತ್ತು. ಹಾಗೆ ಕೊಟ್ಟು ಕೆಲವು ದಿನಗಳಾದ ಮೇಲೆ ಹೊಟ್ಟೆ ತೆರೆದು ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೆ, ಉಳಿದ ಲಿವರ್ ಕತ್ತಲೆಯಾಗಿದ್ದು ಗಡ್ಡೆ ಮಾತ್ರ ಹೊಳೆಯುತ್ತಿತ್ತು. ತೋಕಿಯೊದ ಇಶಿಝಾವಾ ಮತ್ತು ಸಂಗಡಿಗರು ಇದನ್ನು 2009ರಲ್ಲಿ ಪ್ರಕಟಿಸಿದರು. ಕಾರಣ ಸರಳ. ಲಿವರಿನ ಜೀವಕೋಶ ಈ ಬಣ್ಣವನ್ನು ರಕ್ತದಿಂದ ಎಳೆದುಕೊಂಡು ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಲಿವರಿನಲ್ಲೇ ಹುಟ್ಟಿದ ಗಡ್ಡೆಗೂ ಎಳೆದುಕೊಳ್ಳಲು ಬರುತ್ತದೆ, ಹೊರಹಾಕುವ ದಾರಿ ಮಾತ್ರ ಕೆಟ್ಟಿರುತ್ತದೆ. ಹೀಗಾಗಿ ಒಂದೆರಡು ದಿನದಲ್ಲಿ ಒಳ್ಳೆಯ ಲಿವರ್ ಖಾಲಿಯಾಗುತ್ತದೆ, ಗಡ್ಡೆ ಬಣ್ಣ ಕಚ್ಚಿಕೊಂಡು ಕೂತಿರುತ್ತದೆ.

ಆ ಹೊಳಪು ಬರಿಗಣ್ಣಿಗೆ ಕಾಣುವುದಿಲ್ಲ. ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಟಿವಿ ರಿಮೋಟಿನ ಮೂತಿಯನ್ನು ಫೋನ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಏನೂ ಕಾಣದ ಕಡೆ ಫೋನಿನ ಪರದೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ (ಕೆಲವು ಫೋನುಗಳಲ್ಲಿ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ). ಶಾಲೆಯಲ್ಲಿ ಓದಿದ ‘ಅವಕೆಂಪು’ ಕಿರಣ ಅದು. ನಮ್ಮ ಕ್ಯಾಮೆರಾ ಅಂಥದೇ ಕಿರಣವನ್ನು ಹಿಡಿದು, ನಮಗೆ ತಿಳಿಯಲಿ ಅಂತ ಪರದೆಯ ಮೇಲೆ ಹಸಿರಾಗಿ ತೋರಿಸುತ್ತದೆ.

ಹೆಪಟೋಬ್ಲಾಸ್ಟೋಮಾ ಅಂದರೆ ಪುಟ್ಟ ಮಕ್ಕಳ ಲಿವರ್ ಕ್ಯಾನ್ಸರ್. ಬಹುತೇಕ ಮೂರು ವರ್ಷದೊಳಗೆ ಬರುತ್ತದೆ. ಅವಧಿಗೆ ಮುಂಚೆ, ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಇದು ಹರಡುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ. ಶ್ವಾಸಕೋಶದಲ್ಲಿ ಕೂತ ಮೇಲೂ ಅದು ಲಿವರಿನ ಚಾಳಿ ಬಿಡುವುದಿಲ್ಲ. ಅಲ್ಲಿಯೂ ಬಣ್ಣ ಹಿಡಿದಿಟ್ಟುಕೊಳ್ಳುತ್ತದೆ. 2015ರ ಹೊತ್ತಿಗೆ ಜಪಾನಿನ ಮಕ್ಕಳ ಸರ್ಜನ್ನರು ಇದನ್ನೂ ಬರೆದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆರಳಿಗೆ ಸಿಗದ ಸಾಸಿವೆ ಕಾಳು ಕಣ್ಣಿಗೆ ಸಿಗುತ್ತದಲ್ಲ!

ಕೊಪ್ಪಳದ ಕಡೆಯ ಎರಡು ವರ್ಷದ ಒಬ್ಬ ಹುಡುಗ ನೆನಪಾಗುತ್ತಾನೆ. ಲಿವರಿನ ಗಡ್ಡೆ ಕೀಮೋದಿಂದ ಕುಗ್ಗಿತ್ತು, ಅದನ್ನು ತೆಗೆದಾಗಿತ್ತು. ಶ್ವಾಸಕೋಶದಲ್ಲಿ ಮೂರು ಚುಕ್ಕೆ ಹಾಗೇ ಉಳಿದಿದ್ದವು. ರಕ್ತದಲ್ಲಿ ಎಎಫ್‌ಪಿ ಅಂತ ಒಂದು ಅಂಶ ನೋಡುತ್ತೇವೆ, ಅದು ಇಳಿಯುತ್ತಾ ಬಂದು ಒಂದು ಕಡೆ ನಿಂತುಬಿಟ್ಟಿತ್ತು. ಎಲ್ಲೋ ಏನೋ ಜೀವಂತವಾಗಿದೆ ಎಂದರ್ಥ. ಹಿಂದಿನ ದಿನ ತೂಕಕ್ಕೆ ತಕ್ಕಂತೆ, ಕೆಜಿಗೆ ಅರ್ಧ ಮಿಲಿಗ್ರಾಮಿನಂತೆ ಐಸಿಜಿ ಕೊಟ್ಟೆವು. ಮರುದಿನ ಎದೆಗೂಡು ತೆರೆದು, ಥಿಯೇಟರಿನ ದೊಡ್ಡ ದೀಪ ಆರಿಸಿ (ಅದು ಉರಿಯುತ್ತಿದ್ದರೆ ಕ್ಯಾಮೆರಾಕ್ಕೆ ಗೊಂದಲ) ಕ್ಯಾಮೆರಾ ಹಿಡಿದೆವು. ಅಷ್ಟು ಹೊತ್ತು ಮಾತಾಡುತ್ತಿದ್ದ ಅರಿವಳಿಕೆ ಡಾಕ್ಟರೂ ಸುಮ್ಮನಾದರು. ಪರದೆಯ ಮೇಲೆ ಹಸಿರು ಚುಕ್ಕೆಗಳು. ಸ್ಕ್ಯಾನಿನಲ್ಲಿ ಕಂಡ ಮೂರರಲ್ಲಿ ಎರಡು ಹೊಳೆದವು, ಒಂದು ಹೊಳೆಯಲಿಲ್ಲ. ಆದರೆ ಕೆಳಗಿನ ಅಂಚಿನಲ್ಲಿ, ಸ್ಕ್ಯಾನಿನಲ್ಲಿ ಯಾರೂ ಕಾಣದ ಜಾಗದಲ್ಲಿ, ಇನ್ನೊಂದು ಮಿನುಗುತ್ತಿತ್ತು. ನಾಲ್ಕನ್ನೂ ತೆಗೆದೆವು. ಪೆಥಾಲಜಿ ವರದಿ ಬಂದಾಗ ಹೊಳೆದ ಮೂರರಲ್ಲೂ ಜೀವಂತ ಕ್ಯಾನ್ಸರ್ ಕೋಶ ಇತ್ತು. ಹೊಳೆಯದ್ದು ಕೀಮೋದಿಂದ ಸತ್ತು ಕಲೆಯಾಗಿ ಉಳಿದದ್ದು.

ಅವನ ಅಪ್ಪ ಟ್ರ್ಯಾಕ್ಟರ್ ಓಡಿಸುವವರು. ವಿಷಯ ಹೇಳಿದಾಗ ಬೆರಳು ಮಡಚಿ ಲೆಕ್ಕ ಹಾಕಿದರು. ‘ಮೂರು ಅಂದಿದ್ರಿ ಮೇಡಂ, ನಾಕು ಹ್ಯಾಂಗಾದ್ವು?’ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿ ‘ಮಿಂಚುಹುಳ ಇದ್ದಂಗ ಐತಿ’ ಅಂದರು. ಕೆಲವು ವಾರಗಳಲ್ಲಿ ಎಎಫ್‌ಪಿ ಇಳಿಯಿತು.

ಇಷ್ಟು ಓದಿ ಇದೇನೋ ಮಂತ್ರದ ದೀಪ ಎಂದುಕೊಳ್ಳಬೇಡಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವಂತೆ ಹೊಳೆಯುವುದೆಲ್ಲ ಗಡ್ಡೆಯಲ್ಲ. ಪಿತ್ತ ಸರಿಯಾಗಿ ಹರಿಯದೆ ನಿಂತ ಒಳ್ಳೆಯ ಲಿವರಿನ ಭಾಗವೂ ಹೊಳೆಯುತ್ತದೆ. ಮೇಲಿನಿಂದ ಸುಮಾರು ಒಂದು ಸೆಂಟಿಮೀಟರಿಗಿಂತ ಆಳದಲ್ಲಿದ್ದರೆ ಬೆಳಕು ಹೊರಗೆ ಬರುವುದೇ ಇಲ್ಲ, ಅಲ್ಲಿಗೆ ಮತ್ತೆ ಬೆರಳು, ಅಲ್ಟ್ರಾಸೌಂಡೇ ಗತಿ. ಅದಕ್ಕೇ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಮಗುವಿಗೂ ನಾಲ್ಕು ಕಾಲಂ: ಸ್ಕ್ಯಾನಿನಲ್ಲಿ ಕಂಡದ್ದು, ಕೈಗೆ ಸಿಕ್ಕಿದ್ದು, ಬೆಳಕಿನಲ್ಲಿ ಹೊಳೆದದ್ದು, ಕೊನೆಗೆ ಪೆಥಾಲಜಿಯವರು ಹೇಳಿದ್ದು. ನನ್ನ ‘ಸಂಶೋಧನೆ’ ಅನ್ನುವುದು ಇಷ್ಟೇ. ಕಿರಿಯ ಡಾಕ್ಟರುಗಳು ಇದನ್ನು ಕಂಪ್ಯೂಟರಿಗೆ ಹಾಕಿ ಗ್ರಾಫ್ ಮಾಡುತ್ತಾರೆ. ನಾನು ಮಾತ್ರ ನಾಲ್ಕನೇ ಕಾಲಂ ತುಂಬುವವರೆಗೆ ಯಾರಿಗೂ ಶಹಬ್ಬಾಸ್ ಹೇಳುವುದಿಲ್ಲ, ಯಂತ್ರಕ್ಕೂ ಸಹ.

ಕಿಡ್ನಿಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ವಿಲ್ಮ್ಸ್ ಗಡ್ಡೆಗೆ ಆ ಹೆಸರು ಬಂದದ್ದು ಅದರ ಬಗ್ಗೆ 1899ರಲ್ಲಿ ಬರೆದ ಜರ್ಮನ್ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಅವರಿಂದ. ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಬರುತ್ತದೆ. ಮೊದಲು ಕಂಡುಹಿಡಿಯುವವರು ಡಾಕ್ಟರಲ್ಲ, ಅಮ್ಮ ಅಥವಾ ಅಜ್ಜಿ. ಎಣ್ಣೆ ಹಚ್ಚಿ ನೀರು ಹಾಕುವಾಗ ಹೊಟ್ಟೆಯ ಒಂದು ಬದಿ ಗಟ್ಟಿಯಾಗಿ ಕೈಗೆ ತಗಲುತ್ತದೆ. ಒಂದೇ ಕಿಡ್ನಿಯಲ್ಲಿದ್ದರೆ ಅದನ್ನು ತೆಗೆಯುತ್ತೇವೆ, ಇನ್ನೊಂದರಲ್ಲಿ ಮಗು ಚೆನ್ನಾಗಿ ಬಾಳುತ್ತದೆ. ನೂರರಲ್ಲಿ ಐದಾರು ಮಕ್ಕಳಿಗೆ ಎರಡೂ ಕಡೆ ಬರುತ್ತದೆ. ಅಲ್ಲಿ ಶುರುವಾಗುತ್ತದೆ ಸಂಕಟ.

ರಾಯಚೂರಿನ ಕಡೆಯಿಂದ ಮೂರು ವರ್ಷದ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದ ಅಜ್ಜಿ ನೇರವಾಗಿ ಕೇಳಿದ್ದರು: ‘ಎರಡೂ ಕಿಡ್ನ್ಯಾಗ ಗಡ್ಡಿ ಐತಿ ಅಂತೀರಿ. ಎರಡೂ ತೆಗದ್ರ ಕೂಸು ಹ್ಯಾಂಗ ಬದುಕ್ತೈತ್ರಿ?’ ಅಮ್ಮ ಅಪ್ಪ ಇಬ್ಬರೂ ನೆಲ ನೋಡುತ್ತಿದ್ದರು. ಎರಡೂ ತೆಗೆದರೆ ಡಯಾಲಿಸಿಸ್. ಕ್ಯಾನ್ಸರ್ ಮರಳಿ ಬರದೆ ಒಂದೆರಡು ವರ್ಷ ಕಳೆದ ಮೇಲಷ್ಟೇ ಕಿಡ್ನಿ ಕಸಿಯ ಮಾತು. ಅಷ್ಟು ಕಾಲ ವಾರಕ್ಕೆ ಹಲವು ಸಲ ಒಂದು ಪುಟ್ಟ ಮಗುವನ್ನು ಹಳ್ಳಿಯಿಂದ ಡಯಾಲಿಸಿಸ್ ಕೇಂದ್ರಕ್ಕೆ ಕರೆತರುವುದೆಂದರೆ ಏನು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ‘ಅಜ್ಜೀ, ಎರಡೂ ತೆಗೆಯಲ್ಲ. ಗಡ್ಡೆ ಅಷ್ಟೇ ಬಿಡಿಸಿ, ಕಿಡ್ನಿ ಉಳಿಸೋಕೆ ನೋಡ್ತೀವಿ. ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸೋಣ’ ಅಂದೆ.

ಹೀಗೆ ಹೇಳುವ ಧೈರ್ಯ ನಮಗೆ ಕೊಟ್ಟದ್ದು ಉತ್ತರ ಅಮೆರಿಕದ ಮಕ್ಕಳ ಕ್ಯಾನ್ಸರ್ ಗುಂಪಿನ ಒಂದು ದೊಡ್ಡ ಅಧ್ಯಯನ. 2017ರಲ್ಲಿ ಪ್ರಕಟವಾಯಿತು. ಎರಡೂ ಕಿಡ್ನಿಯಲ್ಲಿ ವಿಲ್ಮ್ಸ್ ಇದ್ದ 189 ಮಕ್ಕಳಿಗೆ ಮೊದಲು ಮೂರು ಔಷಧಿಗಳ ಕೀಮೋ ಕೊಟ್ಟು, ಹನ್ನೆರಡು ವಾರದೊಳಗೆ ಕಿಡ್ನಿ ಉಳಿಸುವ ಆಪರೇಷನ್ ಮಾಡುವ ಯೋಜನೆ. ನಾಲ್ಕು ವರ್ಷಗಳ ನಂತರ ನೂರಕ್ಕೆ ಸುಮಾರು 95 ಮಕ್ಕಳು ಬದುಕಿದ್ದರು. ಅದಕ್ಕೂ ಹಿಂದಿನ ಅಧ್ಯಯನದಲ್ಲಿ ಈ ಸಂಖ್ಯೆ 81ರ ಆಸುಪಾಸಿನಲ್ಲಿತ್ತು.

ಆದರೆ ಕಿಡ್ನಿಯಿಂದ ಗಡ್ಡೆ ಬಿಡಿಸುವುದು ಹಲಸಿನ ತೊಳೆ ಬಿಡಿಸಿದಂತಲ್ಲ. ಗಡ್ಡೆಯೊಳಕ್ಕೆ ಕತ್ತಿ ಹೋದರೆ ಒಳಗಿನದು ಹೊಟ್ಟೆಯೊಳಗೆ ಚೆಲ್ಲುತ್ತದೆ, ಮಗುವಿಗೆ ಚಿಕಿತ್ಸೆ ಇನ್ನಷ್ಟು ಕಠಿಣವಾಗುತ್ತದೆ. ಹೆದರಿ ದೂರದಿಂದ ಕತ್ತರಿಸಿದರೆ ಉಳಿಯಬೇಕಾದ ಕಿಡ್ನಿಯೇ ಹೋಗುತ್ತದೆ. ರಕ್ತನಾಳಕ್ಕೆ ಕ್ಲಾಂಪ್ ಹಾಕಿ, ಕಿಡ್ನಿಯ ಸುತ್ತ ಮಂಜುಗಡ್ಡೆಯ ಪುಡಿ ಇಟ್ಟು ಕೆಲಸ ಮಾಡುವಾಗ ಗೋಡೆಯ ಗಡಿಯಾರದ ಮುಳ್ಳು ಎಂದಿಗಿಂತ ಜೋರಾಗಿ ಓಡುತ್ತದೆ. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಅಬ್ದೆಲ್‌ಹಫೀಜ್ ಮತ್ತು ಸಂಗಡಿಗರು ಇಲ್ಲಿಯೂ ಐಸಿಜಿ ಬಳಸಿ ಬರೆದಿದ್ದಾರೆ. ಚಿಕಿತ್ಸೆಗೆ ಮನೆಯವರಿಂದ ಹಣ ತೆಗೆದುಕೊಳ್ಳದೆ 1962ರಿಂದ ನಡೆದುಬಂದ ಆಸ್ಪತ್ರೆ ಅದು. ಕಿಡ್ನಿಗೆ ಬಣ್ಣವನ್ನು ಹಿಂದಿನ ದಿನ ಕೊಡುವುದಿಲ್ಲ, ಟೇಬಲ್ಲಿನ ಮೇಲೇ ರಕ್ತನಾಳಕ್ಕೆ ಕೊಡುತ್ತಾರೆ. ರಕ್ತ ಚೆನ್ನಾಗಿ ಹರಿಯುವ ಒಳ್ಳೆಯ ಕಿಡ್ನಿ ಹೊಳೆಯುತ್ತದೆ, ಗಡ್ಡೆ ಕಪ್ಪಗೆ ಉಳಿಯುತ್ತದೆ. ಲಿವರಿನಲ್ಲಿ ಬೆಳಕನ್ನು ತೆಗೆಯಬೇಕು, ಕಿಡ್ನಿಯಲ್ಲಿ ಬೆಳಕನ್ನು ಉಳಿಸಬೇಕು. ಈ ವ್ಯತ್ಯಾಸವನ್ನು ಹೊಸ ಡಾಕ್ಟರುಗಳಿಗೆ ನಾನು ಥಿಯೇಟರಿನ ಬಾಗಿಲಲ್ಲೇ ಬಾಯಿಬಿಟ್ಟು ಹೇಳಿಸುತ್ತೇನೆ.

ರಾಯಚೂರಿನ ಆ ಮಗುವಿಗೆ ಎರಡು ಸಲ ಆಪರೇಷನ್ ಆಯಿತು. ಎಡಗಡೆ ಮುಕ್ಕಾಲು ಭಾಗ, ಬಲಗಡೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು. ಹೊಲಿಗೆ ಹಾಕಿ ಕ್ಲಾಂಪ್ ಬಿಟ್ಟ ಮೇಲೆ ಇನ್ನೊಮ್ಮೆ ಬಣ್ಣ ಕೊಟ್ಟು ನೋಡಿದೆವು. ಉಳಿದ ತುಣುಕಿನ ಅಂಚಿನವರೆಗೂ ಹಸಿರು ಹರಡಿತು.

ಬೇರೆ ಬಣ್ಣಗಳ ಪ್ರಯತ್ನವೂ ಜಗತ್ತಿನಲ್ಲಿ ನಡೆದಿದೆ, ಕೆಲವು ಬಹಳ ಹಳೆಯವು. ಅಮೆರಿಕದ ಜಾರ್ಜ್ ಮೂರ್ 1940ರ ದಶಕದಲ್ಲೇ ಫ್ಲೂರೆಸೀನ್ ಎಂಬ ಬಣ್ಣದಿಂದ ಮೆದುಳಿನ ಗಡ್ಡೆ ನೋಡಲು ಹೊರಟಿದ್ದರು. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡ ದೊಡ್ಡವರ ಮೆದುಳಿನ ಗಡ್ಡೆ ಗುಲಾಬಿಯಾಗಿ ಹೊಳೆಯುವಂತೆ ಮಾಡುವ ಔಷಧಿಯನ್ನು ಪರೀಕ್ಷಿಸಿ 2006ರಲ್ಲಿ ವರದಿ ಕೊಟ್ಟಿತು. ಮಾಮೂಲು ದೀಪದಲ್ಲಿ ನೂರಕ್ಕೆ 36 ರೋಗಿಗಳಲ್ಲಿ ಸ್ಕ್ಯಾನಿನಲ್ಲಿ ಕಾಣುವ ಗಡ್ಡೆ ಪೂರ್ತಿ ಹೋಗಿದ್ದರೆ, ಈ ಬೆಳಕಿನಲ್ಲಿ 65 ಜನರಲ್ಲಿ ಹೋಗಿತ್ತು. ನನಗೆ ಬಹಳ ಇಷ್ಟವಾದದ್ದು ಸಿಯಾಟಲ್‌ನ ಮಕ್ಕಳ ಕ್ಯಾನ್ಸರ್ ವೈದ್ಯ ಜಿಮ್ ಓಲ್ಸನ್ ಅವರ ಚೇಳಿನ ಕಥೆ. ಮರುಭೂಮಿಯ ಒಂದು ಹಳದಿ ಚೇಳಿನ ವಿಷದಲ್ಲಿ ಕ್ಲೋರೋಟಾಕ್ಸಿನ್ ಎಂಬ ಪುಟ್ಟ ಪ್ರೋಟೀನು ಇದೆ. ಮೆದುಳಿನ ಗಡ್ಡೆಯ ಕೋಶಕ್ಕೆ ಅದು ಹೋಗಿ ಅಂಟಿಕೊಳ್ಳುತ್ತದೆ. ಅದರ ಬಾಲಕ್ಕೆ ಹೊಳೆಯುವ ಬಣ್ಣ ಕಟ್ಟಿ ಬಿಟ್ಟರೆ ಗಡ್ಡೆ ತಾನೇ ಗುರುತು ಹೇಳುತ್ತದೆ ಎಂದು ಅವರ ತಂಡ 2007ರಲ್ಲಿ ಇಲಿಗಳಲ್ಲಿ ತೋರಿಸಿತು. ಆಮೇಲೆ ಮಕ್ಕಳಲ್ಲೂ ಪರೀಕ್ಷೆಗೆ ಇಳಿಯಿತು. ಚೇಳು ಕಡಿದ ಕಡೆ ಮಂತ್ರ ಹಾಕಿಸುವ ಊರಿನಲ್ಲಿ ಬೆಳೆದವಳು ನಾನು. ಇದನ್ನು ಊರಲ್ಲಿ ಹೇಳಿದರೆ ನಮ್ಮ ದೊಡ್ಡಪ್ಪ ನಂಬುವುದಿಲ್ಲ.

ನಾನು ಸದ್ಯ ಆಸೆಯಿಂದ ನೋಡುತ್ತಿರುವುದು ಲಂಡನ್ನಿನ ಕೆಲಸವನ್ನು. ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆ ದೊಡ್ಡ ರಕ್ತನಾಳಗಳನ್ನು ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಬಿಡಿಸಲು ಕೂತರೆ ಬೆಳಿಗ್ಗೆ ಶುರುವಾದದ್ದು ರಾತ್ರಿಗೆ ಮುಗಿಯುತ್ತದೆ. ಅದರ ಕೋಶಗಳ ಮೈಮೇಲೆ ಜಿಡಿ2 ಅಂತ ಒಂದು ಗುರುತು ಇರುತ್ತದೆ. ಆ ಗುರುತನ್ನೇ ಹುಡುಕಿ ಹೋಗುವ ಔಷಧಿಯನ್ನು ಚಿಕಿತ್ಸೆಗೆ ಈಗಾಗಲೇ ಬಳಸುತ್ತಾರೆ. ಅದಕ್ಕೆ ಬಣ್ಣ ಕಟ್ಟುವ ಪ್ರಯೋಗ ಇಲಿಗಳಲ್ಲಿ ಚೆನ್ನಾಗಿ ನಡೆದಿದೆ. ಮಕ್ಕಳಿಗೆ ಬಂದರೆ ನನ್ನಂಥವರ ಬೆನ್ನುನೋವು ಅರ್ಧ ಕಡಿಮೆಯಾದೀತು.

ಓದುಗರು ಪತ್ರ ಬರೆದು ಕೇಳುವುದಕ್ಕೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಆ ಹಸಿರು ಲೈಟಿನ ಆಪರೇಷನ್ನೇ ಮಾಡಿ’ ಎಂದು ಪಟ್ಟು ಹಿಡಿಯುವ ಅಪ್ಪಂದಿರು ಈಗೀಗ ಬರುತ್ತಿದ್ದಾರೆ. ಅದು ಎಲ್ಲ ಗಡ್ಡೆಗೂ ಬೇಕಾಗಿಲ್ಲ. ಬಣ್ಣ ದುಬಾರಿಯಲ್ಲ, ಕ್ಯಾಮೆರಾ ದುಬಾರಿ, ಎಲ್ಲ ಕಡೆ ಇಲ್ಲ. ಕ್ಯಾಮೆರಾ ಇಲ್ಲದ ಕಡೆಯೂ ಒಳ್ಳೆಯ ಸರ್ಜನ್ನರು ಮಕ್ಕಳನ್ನು ಗುಣಪಡಿಸುತ್ತಿದ್ದಾರೆ. ನನ್ನನ್ನು ಕೇಳಿದರೆ ಕ್ಯಾಮೆರಾಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸುವುದು ಬೇಗ ಬರುವುದು, ನಡುವೆ ಬಿಟ್ಟು ಹೋಗದಿರುವುದು. ಎರಡು ಸುತ್ತು ಕೀಮೋ ಆಗಿ ಗಡ್ಡೆ ಕುಗ್ಗಿದ ಕೂಡಲೇ ‘ವಾಸಿಯಾಯ್ತು’ ಅಂತ ಊರಿಗೆ ಹೋಗಿ, ಸುಗ್ಗಿ ಮುಗಿಸಿ ಬಂದವರನ್ನು ನೋಡಿದ್ದೇನೆ. ಅಷ್ಟರಲ್ಲಿ ಯಾವ ಬೆಳಕೂ ಸಾಲದಾಗಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಬಸ್ ಚಾರ್ಜು, ಕೂಲಿ, ಮನೆಯಲ್ಲಿ ಬಿಟ್ಟುಬಂದ ಇನ್ನೆರಡು ಮಕ್ಕಳು, ಎಲ್ಲ ಲೆಕ್ಕವೂ ಅವರ ತಲೆಯಲ್ಲಿರುತ್ತದೆ. ಆಯುಷ್ಮಾನ್ ಕಾರ್ಡು ಆಪರೇಷನ್ನಿಗೆ ಆಗುತ್ತದೆ, ಹೋದ ಕೂಲಿಗೆ ಆಗುವುದಿಲ್ಲ.

ಮಗುವಿನ ಹೊಟ್ಟೆ ಒಂದೇ ಬದಿ ಉಬ್ಬಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ‘ಜಂತುಹುಳ ಇರಬೇಕು’ ಅಂತ ತಿಂಗಳು ಕಾಯಬೇಡಿ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಮತ್ತೆ, ಗಡ್ಡೆ ಕೈಗೆ ಸಿಕ್ಕಿತು ಅಂತ ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಒತ್ತಿ ನೋಡುವುದು ಬೇಡ, ಎಣ್ಣೆ ಹಚ್ಚಿ ನೀವುವುದಂತೂ ಬೇಡವೇ ಬೇಡ. ವಿಲ್ಮ್ಸ್ ಗಡ್ಡೆ ಒಳಗೇ ಒಡೆಯಬಹುದು.

ರಾಯಚೂರಿನ ಹುಡುಗಿ ಈಗ ಮೂರನೇ ಕ್ಲಾಸು. ತಪಾಸಣೆಗೆ ಬಂದಾಗ ಬಿಪಿ, ಮೂತ್ರ, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ, ಒಂದು ಅಲ್ಟ್ರಾಸೌಂಡ್ ಮಾಡಿ ಕಳಿಸುತ್ತೇವೆ. ಉಪ್ಪು ಕಡಿಮೆ ಅಂತ ಹೇಳಿದ್ದೇವೆ. ಅಜ್ಜಿ ಕದ್ದು ಉಪ್ಪಿನಕಾಯಿ ಕೊಡುತ್ತಾರೆ ಎಂದು ಅಮ್ಮನ ದೂರು. ಹೋದ ಸಲ ಬಂದಾಗ ಆ ಹುಡುಗಿ ಯಾರಿಗೂ ಕೇಳಿಸದ ಹಾಗೆ ನನ್ನ ಕುರ್ಚಿಯ ಹತ್ತಿರ ಬಂದು, ಸ್ಕೂಲಿನಲ್ಲಿ ಕಬಡ್ಡಿ ಟೀಮಿಗೆ ಸೇರಬಹುದಾ ಅಂತ ಕೇಳಿದಳು. ಓಟ ಆಡು, ಖೋ-ಖೋ ಆಡು, ಕಬಡ್ಡಿ ವಿಷಯ ಕಿಡ್ನಿ ಡಾಕ್ಟರನ್ನು ಕೇಳಿ ಮುಂದಿನ ಸಲ ಹೇಳ್ತೀನಿ ಅಂದೆ. ಮುಖ ಊದಿಸಿಕೊಂಡೇ ಹೋದಳು.